ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ವೈ-ಫೈ ಗೂಢಲಿಪೀಕರಣದ ತೊಂದರೆಗಳು

ವೈ-ಫೈ ಗೂಢಲಿಪೀಕರಣ ಎಂಬುದು ನಿಸ್ತಂತು ಜಾಲದಲ್ಲಿ ರೇಡಿಯೊ ಅಲೆಗಳ ಮೂಲಕ ಸಾಗುವ ಮಾಹಿತಿಯನ್ನು ಅನ್ಯರು ಓದಲಾಗದಂತೆ ಮಾರ್ಪಡಿಸುವ ವ್ಯವಸ್ಥೆ. ಲ್ಯಾಪ್‌ಟಾಪ್ ಮತ್ತು ರೌಟರ್ ಎರಡಕ್ಕೂ ತಿಳಿದ ಒಂದು ವಿಧಾನ ಇದ್ದರೆ ಮಾತ್ರ ಸಂಪರ್ಕ ಏರ್ಪಡುತ್ತದೆ. ಆದ್ದರಿಂದ ಪಾಸ್‌ವರ್ಡ್ ಸರಿಯಾಗಿದ್ದರೂ ಹಳೆಯ ಲ್ಯಾಪ್‌ಟಾಪ್ ಹೊಸ ಜಾಲವನ್ನು ಸೇರಲಾಗದೆ ಹೋಗಬಹುದು.

ವಿಧಾನಗಳ ಬೆಳವಣಿಗೆ

1997ರ 802.11 ಮಾನಕದೊಂದಿಗೆ ಬಂದ ವೆಪ್ ಮೊದಲ ವಿಧಾನವಾಗಿದೆ. ಇದರ ಮೂಲಭೂತ ದೌರ್ಬಲ್ಯವನ್ನು 2001ರಲ್ಲಿ ಫ್ಲೂರರ್, ಮಾಂಟಿನ್ ಮತ್ತು ಶಮೀರ್ ತೋರಿಸಿಕೊಟ್ಟರು. ಹಳೆಯ ಯಂತ್ರಾಂಶದಲ್ಲಿಯೇ ನಡೆಯುವಂತೆ ರೂಪಿಸಿದ ಡಬ್ಲ್ಯುಪಿಎ, ಟಿಕೆಐಪಿ ಎಂಬ ಕ್ರಮದೊಂದಿಗೆ 2003ರಲ್ಲಿ ಬಂದಿತು. 2004ರ ಡಬ್ಲ್ಯುಪಿಎ2 ಹೆಚ್ಚು ಬಲವಾದ ಎಇಎಸ್ ಕ್ರಮವನ್ನು ಅಳವಡಿಸಿಕೊಂಡಿತು. 2006ರ ಮಾರ್ಚ್‌ನಿಂದ ವೈ-ಫೈ ಪ್ರಮಾಣಪತ್ರಕ್ಕೆ ಇದು ಕಡ್ಡಾಯವಾಯಿತು. 2018ರಲ್ಲಿ ಡಬ್ಲ್ಯುಪಿಎ3 ಪ್ರಕಟವಾಯಿತು.

ಲಕ್ಷಣಗಳು ಮತ್ತು ಕಾರಣಗಳು

• ಜಾಲದ ಹೆಸರು ಕಾಣಿಸದಿರುವುದು: 802.11ಬಿ ಮತ್ತು 802.11ಜಿ ಕಾರ್ಡ್‌ಗಳು 2.4 ಗಿಗಾಹರ್ಟ್ಸ್ ಅಲೆಗಳನ್ನು ಮಾತ್ರ ಗ್ರಹಿಸುತ್ತವೆ. 5 ಗಿಗಾಹರ್ಟ್ಸ್ ಜಾಲ ಅವುಗಳಿಗೆ ಕಾಣುವುದಿಲ್ಲ. ಅಮೆರಿಕದ ಮಾರುಕಟ್ಟೆಗೆಂದು ತಯಾರಾದ ಕೆಲವು ಕಾರ್ಡ್‌ಗಳು 12 ಮತ್ತು 13ನೆಯ ಚಾನೆಲ್‌ಗಳನ್ನೂ ಗುರುತಿಸುವುದಿಲ್ಲ.

• ಹೆಸರು ಕಂಡರೂ ಸಂಪರ್ಕ ದೊರೆಯದಿರುವುದು: ರೌಟರ್ ಬಳಸುವ ವಿಧಾನ ಲ್ಯಾಪ್‌ಟಾಪಿಗೆ ತಿಳಿಯದಿರಬಹುದು. ವಿಂಡೋಸ್ ಎಕ್ಸ್‌ಪಿಯಲ್ಲಿ ಡಬ್ಲ್ಯುಪಿಎ2 ಬಳಸಲು 2008ರ ಸರ್ವಿಸ್ ಪ್ಯಾಕ್ 3 ಅಥವಾ ಅದಕ್ಕೂ ಮೊದಲು ಬಂದ ಪ್ರತ್ಯೇಕ ಪರಿಷ್ಕರಣೆ ಬೇಕು. ವಿಂಡೋಸ್ 7ರಲ್ಲಿ ಡಬ್ಲ್ಯುಪಿಎ3 ಸೌಲಭ್ಯ ಇಲ್ಲ.

• ವೇಗ ಕುಗ್ಗುವುದು: 802.11ಎನ್ ಮಾನಕದ ಹೆಚ್ಚಿನ ವೇಗಗಳಿಗೆ ವೆಪ್ ಮತ್ತು ಟಿಕೆಐಪಿ ಸಲ್ಲುವುದಿಲ್ಲ. ಅವನ್ನು ಆರಿಸಿದರೆ ವೇಗ ಸೆಕೆಂಡಿಗೆ 54 ಮೆಗಾಬಿಟ್‌ಗೆ ಸೀಮಿತಗೊಳ್ಳುತ್ತದೆ.

• ಸಂಪರ್ಕ ದೊರೆತರೂ ಜಾಲತಾಣಗಳು ತೆರೆಯದಿರುವುದು: ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಬರಿದಾದರೆ ಗಡಿಯಾರ ಹಿಂದಿನ ದಿನಾಂಕಕ್ಕೆ ಮರಳಬಹುದು. ಆಗ ಜಾಲತಾಣಗಳ ಭದ್ರತಾ ಪ್ರಮಾಣಪತ್ರಗಳು ಅಮಾನ್ಯವೆಂದು ತೋರುತ್ತವೆ. ಪ್ರತಿಯೊಬ್ಬರಿಗೂ ಬೇರೆ ಬಳಕೆದಾರ ಹೆಸರು ನೀಡುವ ಕಾಲೇಜು ಜಾಲಗಳಲ್ಲಿ ಇದೇ ಕಾರಣದಿಂದ ಪ್ರವೇಶವೇ ದೊರೆಯದಿರಬಹುದು.

ಪರಿಹಾರ ಕ್ರಮ

ಮೊದಲು ಸುಲಭವಾದುದನ್ನು ಪರೀಕ್ಷಿಸುವುದು ಸೂಕ್ತ. ದಿನಾಂಕ, ಪಾಸ್‌ವರ್ಡಿನ ದೊಡ್ಡ ಮತ್ತು ಸಣ್ಣ ಅಕ್ಷರಗಳು ಹಾಗೂ ಕೀಲಿಮಣೆಯ ಭಾಷೆಯನ್ನು ನೋಡಬೇಕು. ರೌಟರಿನ ವಿಧಾನ ಬದಲಾಗಿದ್ದರೆ ಲ್ಯಾಪ್‌ಟಾಪಿನಲ್ಲಿ ಉಳಿದಿರುವ ಹಳೆಯ ವಿವರವನ್ನು ಅಳಿಸಿ ಹೊಸದಾಗಿ ಸೇರಿಸಬೇಕು. ಬಳಿಕ ವೈ-ಫೈ ಡ್ರೈವರನ್ನು ಪರಿಷ್ಕರಿಸಬೇಕು. ಲಿನಕ್ಸ್‌ನಲ್ಲಿ ಕೆಲವು ಕಾರ್ಡ್‌ಗಳಿಗೆ ಫರ್ಮ್‌ವೇರನ್ನು ಬೇರೆಯಾಗಿ ಅಳವಡಿಸಬೇಕಾಗುತ್ತದೆ. ರೌಟರಿನಲ್ಲಿ ಡಬ್ಲ್ಯುಪಿಎ2 ಮತ್ತು ಡಬ್ಲ್ಯುಪಿಎ3 ಎರಡಕ್ಕೂ ಅವಕಾಶ ನೀಡುವ ಮಿಶ್ರ ವಿಧಾನವಿದ್ದರೆ ಅದನ್ನು ಆರಿಸಬಹುದು. ಕಾರ್ಡೇ ಅಸಮರ್ಥವಾಗಿದ್ದರೆ ಲ್ಯಾಪ್‌ಟಾಪಿನ ಕಾರ್ಯಾಚರಣಾ ವ್ಯವಸ್ಥೆಗೆ ಹೊಂದುವ ಯುಎಸ್‌ಬಿ ವೈ-ಫೈ ಅಡಾಪ್ಟರ್ ಅಥವಾ ಈಥರ್ನೆಟ್ ಕೇಬಲ್ ಉಪಯುಕ್ತ.

ಸುರಕ್ಷತೆ

ಒಂದು ಹಳೆಯ ಯಂತ್ರಕ್ಕಾಗಿ ರೌಟರನ್ನು ವೆಪ್‌ಗೆ ಇಳಿಸುವುದು ಅಥವಾ ಪಾಸ್‌ವರ್ಡ್ ತೆಗೆದುಹಾಕುವುದು ಸರಿಯಾದ ಪರಿಹಾರವಲ್ಲ. ವೆಪ್ ಕೀಲಿಯನ್ನು ಕೆಲವೇ ನಿಮಿಷಗಳಲ್ಲಿ ಭೇದಿಸಬಹುದು. ಆಗ ಅದೇ ಜಾಲದಲ್ಲಿರುವ ಮೊಬೈಲ್ ಮುಂತಾದ ಎಲ್ಲ ಸಾಧನಗಳೂ ಅಪಾಯಕ್ಕೆ ಒಳಗಾಗುತ್ತವೆ. ಡಬ್ಲ್ಯುಪಿಎ2ದಲ್ಲಿ 2017ರಲ್ಲಿ ಬೆಳಕಿಗೆ ಬಂದ ಕ್ರ್ಯಾಕ್ ಎಂಬ ದೋಷವನ್ನು ತಂತ್ರಾಂಶದ ಪರಿಷ್ಕರಣೆಯಿಂದ ಸರಿಪಡಿಸಲಾಯಿತು. ತಯಾರಕರ ಬೆಂಬಲ ಕೊನೆಗೊಂಡ ವ್ಯವಸ್ಥೆಗಳಿಗೆ ಇಂತಹ ತಿದ್ದುಪಡಿ ಸಾಮಾನ್ಯವಾಗಿ ದೊರೆಯುವುದಿಲ್ಲ. ಆದ್ದರಿಂದ ಸಂಪರ್ಕ ದೊರೆತ ಮಾತ್ರಕ್ಕೆ ಅಂತಹ ಲ್ಯಾಪ್‌ಟಾಪನ್ನು ಬ್ಯಾಂಕ್ ವ್ಯವಹಾರಕ್ಕೆ ಬಳಸುವುದು ಕ್ಷೇಮಕರವಲ್ಲ.