ಮರಿಕೋಳಿ ಹುಂಜವಾದಾಗ

ಹಿತ್ತಲಲ್ಲಿ ಕೋಳಿ ಸಾಕುವ ಮನೆಗಳಲ್ಲಿ ಮೊದಲ ಒಂದೂವರೆ ತಿಂಗಳು ಬಲು ಸೊಗಸು. ಹತ್ತಿಯ ಉಂಡೆಯಂಥ ಮರಿಗಳು ಮಕ್ಕಳ ಅಂಗೈಯಿಂದ ನುಚ್ಚು ತಿನ್ನುತ್ತವೆ, ಕರೆದಲ್ಲಿಗೆ ಓಡಿ ಬರುತ್ತವೆ, ಒಂದಕ್ಕೊಂದು ಒತ್ತಿಕೊಂಡು ಮಲಗುತ್ತವೆ. ಪ್ರತಿ ಮರಿಗೂ ಒಂದೊಂದು ಹೆಸರಿಟ್ಟೂ ಆಗಿರುತ್ತದೆ. ಎರಡನೆಯ ತಿಂಗಳು ಕಳೆಯುತ್ತಿದ್ದಂತೆ ಚಿತ್ರ ಬದಲಾಗುತ್ತದೆ. ನಿನ್ನೆಯವರೆಗೆ ಒಟ್ಟಿಗಿದ್ದವು ಇಂದು ಎದೆಗೆ ಎದೆ ಕೊಟ್ಟು ಕಾದಾಡುತ್ತವೆ. ತೀರಾ ಸಾಧುವಾಗಿದ್ದ ಮರಿಯೊಂದು ಕತ್ತು ನೀಳ ಮಾಡಿ, ಒಡಕು ದನಿಯಲ್ಲಿ ಕೂಗಲು ಹವಣಿಸುತ್ತದೆ. ‘ಇವಕ್ಕೆ ಏನಾಯಿತು?’ ಎಂದು ಮಕ್ಕಳು ಕೇಳುತ್ತಾರೆ.

ಏನೂ ಆಗಿಲ್ಲ, ಮರಿಗಳು ದೊಡ್ಡವಾಗುತ್ತಿವೆ. ನಮ್ಮಲ್ಲಿ ಹದಿನಾಲ್ಕು, ಹದಿನೈದರಲ್ಲಿ ಬರುವ ಪಡ್ಡೆತನ ಕೋಳಿಗಳಿಗೆ ಹತ್ತು, ಹನ್ನೆರಡು ವಾರಕ್ಕೇ ಬಂದುಬಿಡುತ್ತದೆ. ಈ ಬದಲಾವಣೆಗಳಲ್ಲಿ ಯಾವುದನ್ನು ಅದರ ಪಾಡಿಗೆ ಬಿಡಬೇಕು, ಯಾವುದಕ್ಕೆ ಕೂಡಲೇ ಕೈಹಾಕಬೇಕು ಎಂದು ತಿಳಿದರೆ ಅರ್ಧ ತೊಂದರೆ ತಪ್ಪುತ್ತದೆ. ಉಳಿದರ್ಧ ಹುಂಜಗಳದ್ದು. ಅದನ್ನು ಮರಿ ತರುವ ಮೊದಲೇ ಮನೆಮಂದಿ ಕೂತು ಯೋಚಿಸಬೇಕು.

ಕುಕ್ಕುವುದಕ್ಕೂ ಒಂದು ಸರದಿ

ಕೋಳಿಗಳ ಗುಂಪಿನಲ್ಲಿ ಹಿರಿಯ, ಕಿರಿಯ ಎಂಬ ಶ್ರೇಣಿ ಇರುತ್ತದೆ. ಕಾಳಿಗೆ ಮೊದಲು ಬಾಯಿಡುವವರು ಯಾರು, ಮಲಗುವ ಅಡ್ಡೆಯಲ್ಲಿ ಒಳ್ಳೆಯ ಜಾಗ ಯಾರಿಗೆ ಎಂಬುದೆಲ್ಲ ಈ ಶ್ರೇಣಿಯಿಂದಲೇ ತೀರ್ಮಾನವಾಗುತ್ತದೆ. ಮೇಲಿನದು ಕೆಳಗಿನದನ್ನು ಕುಕ್ಕಬಹುದು, ಕೆಳಗಿನದು ತಿರುಗಿ ಕುಕ್ಕುವಂತಿಲ್ಲ. ಇದನ್ನು ಮೊದಲು ಲೆಕ್ಕವಿಟ್ಟು ತೋರಿಸಿದವನು ನಾರ್ವೆ ದೇಶದ ಥೋರ್ಲೀಫ್ ಶೆಲ್ಡೆರುಪ್-ಎಬ್ಬೆ. ಬಾಲಕನಾಗಿದ್ದಾಗಲೇ ಆತನಿಗೆ ಕೋಳಿಗಳನ್ನು ಗಮನಿಸುವ ಹುಚ್ಚು. ಯಾವುದು ಯಾವುದನ್ನು ಕುಕ್ಕಿತು ಎಂದು ಬರೆದಿಡುತ್ತಿದ್ದ. ಮುಂದೆ 1922ರಲ್ಲಿ ಆತ ಪ್ರಕಟಿಸಿದ ಲೇಖನದಿಂದ ‘ಕುಕ್ಕುವ ಸರದಿ’ ಎಂಬ ಮಾತು ವಿಜ್ಞಾನಕ್ಕೆ ಸೇರಿತು.

ನಮ್ಮ ಹಿತ್ತಲಿನ ಮರಿಗಳು ಆರರಿಂದ ಹತ್ತು ವಾರದೊಳಗೆ ಮಾಡುವ ಜಗಳ ಬಹುಪಾಲು ಈ ಸರದಿ ನಿಗದಿಯ ಜಗಳ. ಎರಡು ಮರಿಗಳು ಕತ್ತಿನ ಗರಿ ಕೆದರಿ, ಹಾರಿ, ಒಂದು ಸೋತು ಓಡಿದರೆ ಮುಗಿಯಿತು. ನಡುವೆ ಹೋಗಿ ಬಿಡಿಸಿದರೆ ತೀರ್ಮಾನವಾಗದೆ ನಾಳೆ ಮತ್ತೆ ಅದೇ ಕಾದಾಟ. ಆದರೆ ರಕ್ತ ಕಂಡರೆ ಮಾತ್ರ ಸುಮ್ಮನಿರಬಾರದು. ಕೆಂಪು ಕಂಡಲ್ಲಿ ಉಳಿದವೂ ಬಂದು ಕುಕ್ಕುವುದು ಕೋಳಿಗಳ ಸ್ವಭಾವ. ಗಾಯಗೊಂಡದ್ದನ್ನು ಕೂಡಲೇ ಬೇರೆ ಮಾಡಿ, ಗಾಯ ಒಣಗಿದ ಮೇಲೆಯೇ ಗುಂಪಿಗೆ ಬಿಡಬೇಕು.

ಗರಿ ಕೀಳುವ, ಬಾಲದ ಬುಡ ಕುಕ್ಕುವ ಚಾಳಿ ನಿಲ್ಲದಿದ್ದರೆ ತಪ್ಪು ಕೋಳಿಯದ್ದಲ್ಲ, ಗೂಡಿನದು. ಇಕ್ಕಟ್ಟು, ಸೆಕೆ, ಅತಿ ಬೆಳಕು, ಬರೀ ನುಚ್ಚು ತಿಂದು ಪ್ರೋಟೀನ್ ಸಾಲದಿರುವುದು ಇದಕ್ಕೆ ಕಾರಣ. ರಾತ್ರಿಯ ಗೂಡಿನಲ್ಲಿ ಕೋಳಿಗೆ ಎರಡು ಚದರ ಅಡಿಯಾದರೂ ಬೇಕು. ಹಗಲು ಕೆದಕಿ ತಿರುಗಾಡಲು ಇನ್ನೂ ಹೆಚ್ಚು. ಕಾಳು, ನೀರನ್ನು ಎರಡು ಮೂರು ಕಡೆ ಇಟ್ಟರೆ ಕೆಳಗಿನ ಸರದಿಯ ಬಡಪಾಯಿಗೂ ಹೊಟ್ಟೆ ತುಂಬುತ್ತದೆ.

ಬೆಳಗಾಗಿಸುವ ಹುಂಜ

ಎಂಟರಿಂದ ಹನ್ನೆರಡು ವಾರದ ನಡುವೆ ಗಂಡು, ಹೆಣ್ಣಿನ ಗುಟ್ಟು ರಟ್ಟಾಗುತ್ತದೆ. ಗಂಡುಮರಿಯ ಜುಟ್ಟು ಬೇಗ ಕೆಂಪೇರುತ್ತದೆ. ಕತ್ತಿನ ಮತ್ತು ಸೊಂಟದ ಗರಿಗಳು ಚೂಪಾಗಿ, ಹೊಳಪಾಗಿ ಬೆಳೆಯುತ್ತವೆ. ಹೇಂಟೆಯ ಗರಿಗಳ ತುದಿ ದುಂಡಗೇ ಉಳಿಯುತ್ತದೆ. ಹೇಂಟೆ ದೊಡ್ಡದಾದದ್ದು ತಿಳಿಯುವುದು ಐದಾರು ತಿಂಗಳಿಗೆ. ಆಗ ಅದು ಕತ್ತಲ ಮೂಲೆ ಹುಡುಕುತ್ತದೆ, ಬೆನ್ನ ಮೇಲೆ ಕೈ ತಂದರೆ ಕುಕ್ಕರಿಸುತ್ತದೆ. ಒಣಹುಲ್ಲು ಹಾಸಿದ ಬುಟ್ಟಿ ಇಡಲು ಅದೇ ಸಮಯ.

ತನ್ನ ಕೋಳಿ ಕೂಗಿದರೇ ಬೆಳಗಾಗುವುದು ಎಂದು ನಂಬಿದ್ದ ಅಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹುಂಜಗಳನ್ನು ಸದಾ ಮಬ್ಬು ಬೆಳಕಿನಲ್ಲೇ ಇಟ್ಟು ನೋಡಿದರು. ಸೂರ್ಯನ ಸುಳಿವಿಲ್ಲದಿದ್ದರೂ ಅವು ಮೈಯೊಳಗಿನ ಗಡಿಯಾರಕ್ಕೆ ತಕ್ಕಂತೆ ಕೂಗಿದವು ಎಂದು 2013ರಲ್ಲಿ ತಿಳಿಸಿದರು. ಗುಂಪಿನಲ್ಲಿ ಮೊದಲು ಕೂಗುವುದು ಮೇಲಿನ ಸರದಿಯ ಹುಂಜ, ಉಳಿದವು ಅದರ ಹಿಂದೆ ಕ್ರಮವಾಗಿ ಕೂಗುತ್ತವೆ ಎಂದು 2015ರಲ್ಲಿ ತೋರಿಸಿದರು. ದೊಡ್ಡಣ್ಣನನ್ನು ತೆಗೆದರೆ ಎರಡನೆಯದು ಆ ಕೆಲಸ ವಹಿಸಿಕೊಳ್ಳುತ್ತದೆ!

ಹತ್ತಕ್ಕೆ ಐದು ಹುಂಜ

ಹಕ್ಕಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದು ತಾಯಿಯ ಮೊಟ್ಟೆಯಿಂದ ನಿರ್ಧಾರವಾಗುತ್ತದೆ, ಮನುಷ್ಯರಲ್ಲಿ ಆಗುವಂತೆ ತಂದೆಯಿಂದಲ್ಲ. ಸರಾಸರಿಯಲ್ಲಿ ಅರ್ಧ ಗಂಡು, ಅರ್ಧ ಹೆಣ್ಣು. ಬೀದಿಯಲ್ಲಿ ಮಾರುವ ಬಣ್ಣದ ಮರಿಗಳಲ್ಲಂತೂ ಹೆಚ್ಚಿನವು ಮೊಟ್ಟೆ ತಳಿಯ ಫಾರಂಗಳಿಗೆ ಬೇಡವಾದ ಗಂಡುಗಳೇ ಆಗಿರುತ್ತವೆ.

ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಮೊಟ್ಟೆಯಷ್ಟೇ ಸಾಕೆನ್ನುವ ಮನೆಗೆ ಹುಂಜವೇ ಬೇಡ. ಹುಂಜವಿಲ್ಲದೆಯೂ ಹೇಂಟೆ ಮೊಟ್ಟೆ ಇಡುತ್ತದೆ, ಅದರಿಂದ ಮರಿ ಬರುವುದಿಲ್ಲ ಅಷ್ಟೆ. ಐದು ಹೇಂಟೆಗೆ ಐದು ಹುಂಜ ಉಳಿದರೆ ಹೇಂಟೆಗಳ ಬೆನ್ನಿನ ಗರಿ ಉದುರಿ, ಚರ್ಮ ಹರಿದು, ಅವು ಮೇಯಲೂ ಹೆದರುತ್ತವೆ. ಹುಂಜಗಳ ನಡುವಿನ ಕಾಳಗವೂ ಪ್ರಾಣಕ್ಕೆ ಬರಬಹುದು.

ಮಕ್ಕಳ ಮೇಲೆ ಎರಗಿದರೆ

ಕೈಯಲ್ಲೇ ಬೆಳೆದ ಹುಂಜ ಎರಗುವುದಿಲ್ಲ ಎಂಬ ನಂಬಿಕೆ ಬೇಡ. ಮನುಷ್ಯರ ಭಯವಿಲ್ಲದೆ ಬೆಳೆದದ್ದು ಅವರನ್ನೂ ಎದುರಾಳಿ ಎಂದೇ ಬಗೆಯಬಹುದು. ರೆಕ್ಕೆ ಇಳಿಬಿಟ್ಟು ಪಕ್ಕಕ್ಕೆ ಹೆಜ್ಜೆ ಹಾಕುವುದು, ಹಿಂದಿನಿಂದ ಓಡಿ ಬಂದು ನಿಲ್ಲುವುದು ಇದರ ಮುನ್ಸೂಚನೆ. ಆಗ ಮಕ್ಕಳು ಕಿರುಚಿ ಓಡಬಾರದು. ಓಡಿದರೆ ಗೆದ್ದೆನೆಂದು ಅದು ಬೆನ್ನಟ್ಟುತ್ತದೆ. ಕೈಯಲ್ಲಿರುವ ಬುಟ್ಟಿಯನ್ನೋ ಕೊಡೆಯನ್ನೋ ಅಡ್ಡ ಹಿಡಿದು, ಅದಕ್ಕೆ ಮುಖ ಮಾಡಿಯೇ ನಿಧಾನವಾಗಿ ಹಿಂದೆ ಸರಿಯಬೇಕು. ಒದೆಯುವುದು, ಕೋಲಿನಿಂದ ಕೆಣಕುವುದು ಅದರ ಸಿಟ್ಟನ್ನು ಹೆಚ್ಚಿಸುತ್ತದೆ. ಕಾಲಿನ ಮುಳ್ಳು ಕಣ್ಣಿಗೆ ತಗಲುವ ಅಪಾಯವಿರುವುದರಿಂದ ಪುಟ್ಟ ಮಕ್ಕಳನ್ನು ಹುಂಜದ ಬಳಿ ಒಂಟಿಯಾಗಿ ಬಿಡಲೇಬೇಡಿ. ಗಾಯವಾದರೆ ಸೋಪು, ನೀರಿನಿಂದ ತೊಳೆದು ವೈದ್ಯರಿಗೆ ತೋರಿಸಿ; ಧನುರ್ವಾಯು ಚುಚ್ಚುಮದ್ದಿನ ವಿಚಾರವನ್ನೂ ಕೇಳಿ. ಪದೇ ಪದೇ ಎರಗುವ ಹುಂಜವನ್ನು ತಳಿಗೆ ಉಳಿಸಿಕೊಳ್ಳಬೇಡಿ, ಆ ಗುಣ ಮರಿಗಳಿಗೂ ಬರಬಹುದು.

ಮಗುವನ್ನಾದರೂ ಕೇಳಿ

ಹೆಚ್ಚಾದ ಹುಂಜಗಳಿಗೆ ಇರುವ ದಾರಿ ಕೆಲವೇ. ಬೇರೆ ಆವರಣದಲ್ಲಿ ಹುಂಜಗಳನ್ನಷ್ಟೇ ಸಾಕಬಹುದು. ಹೇಂಟೆ ಕಣ್ಣಿಗೆ ಬೀಳದಿದ್ದರೆ ಒಟ್ಟಿಗೆ ಬೆಳೆದವು ಸಾಮಾನ್ಯವಾಗಿ ಹೊಂದಿಕೊಳ್ಳುತ್ತವೆ. ಹುಂಜವಿಲ್ಲದ ಮನೆಗೆ ಕೊಡಬಹುದು. ಮಾರಬಹುದು, ಇಲ್ಲವೇ ಮನೆಯಲ್ಲೇ ಅಡಿಗೆಯಾಗಬಹುದು. ಕಾಳಗಕ್ಕೆ ಬೇಕೆಂದು ಬರುವವರಿಗೆ ಮಾತ್ರ ಕೊಡಬೇಡಿ. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಕೋಳಿಯನ್ನು ಕೇಳಿ ಮಸಾಲೆ ಅರೆಯುತ್ತಾರೆಯೇ ಎಂಬ ಗಾದೆಯಿದೆ. ಕೋಳಿಯನ್ನು ಕೇಳದಿದ್ದರೆ ಹೋಗಲಿ, ಅದಕ್ಕೆ ಹೆಸರಿಟ್ಟ ಮಗುವನ್ನಾದರೂ ಕೇಳಬೇಕು. ಮಗು ಶಾಲೆಗೆ ಹೋದಾಗ ಹುಂಜವನ್ನು ಮಾರಿ, ಸಂಜೆ ‘ನರಿ ಹಿಡಿಯಿತು’ ಎಂದು ಸುಳ್ಳು ಹೇಳುವ ಮನೆಗಳುಂಟು. ಆ ಸುಳ್ಳು ಒಂದು ದಿನ ಬಯಲಾದಾಗ ಮಗು ಕಳೆದುಕೊಳ್ಳುವುದು ಹುಂಜವನ್ನಷ್ಟೇ ಅಲ್ಲ, ಹಿರಿಯರ ಮೇಲಿನ ನಂಬಿಕೆಯನ್ನೂ. ಮರಿ ತಂದ ದಿನವೇ ‘ಇವುಗಳಲ್ಲಿ ಅರ್ಧ ಹುಂಜವಾಗುತ್ತವೆ, ಒಂದನ್ನು ಮಾತ್ರ ಇಟ್ಟುಕೊಳ್ಳೋಣ’ ಎಂದು ಹೇಳಿಬಿಡುವುದು ಮೇಲು. ಯಾವುದನ್ನು ಉಳಿಸಬೇಕೆಂಬ ತೀರ್ಮಾನದಲ್ಲಿ ಮಗುವಿಗೂ ಪಾಲಿರಲಿ. ಅಳು ಬರಬಹುದು. ಬರಲಿ, ಸಾಕಿದ ಜೀವದ ಹೊಣೆ ಎಂದರೆ ಏನೆಂದು ಪಠ್ಯಪುಸ್ತಕಕ್ಕಿಂತ ಚೆನ್ನಾಗಿ ಅಲ್ಲಿ ತಿಳಿಯುತ್ತದೆ.

ಇವು ಬೆಳವಣಿಗೆಯ ಲಕ್ಷಣಗಳಲ್ಲ

* ಗರಿ ಕೆದರಿಕೊಂಡು ಮೂಲೆಯಲ್ಲಿ ತೂಕಡಿಸುವುದು, ಮೇವು ಬಿಡುವುದು.
* ಹಸಿರು, ಬಿಳಿ ಭೇದಿ, ಬಾಯಿ ತೆರೆದು ಉಸಿರಾಡುವುದು, ಕತ್ತು ತಿರುಚುವುದು. ಇವು ಕೊಕ್ಕರೆ ರೋಗದ ಚಿಹ್ನೆಗಳಿರಬಹುದು. ಕೋಳಿಯನ್ನು ಪ್ರತ್ಯೇಕಿಸಿ ಪಶುವೈದ್ಯರಿಗೆ ತಿಳಿಸಿ. ಲಸಿಕೆಯನ್ನು ಮರಿ ಒಂದು ವಾರದ್ದಿರುವಾಗಲೇ ಹಾಕಿಸಲು ಆರಂಭಿಸಬೇಕು.
* ಹೊಸ ಕೋಳಿ ತಂದರೆ ಎರಡು ವಾರ ದೂರವಿಡಿ. ಆಮೇಲೆ ಕೆಲವು ದಿನ ಬಲೆಯ ಆಚೆಯಿಂದ ಪರಿಚಯವಾಗಲಿ. ಗುಂಪಿಗೆ ರಾತ್ರಿ ಸೇರಿಸಿದರೆ ಜಗಳ ಕಡಿಮೆ.

ವಿದ್ಯಾರ್ಥಿಗಳೇ, ಹಳೆಯ ನೋಟ್‌ಬುಕ್ಕಿನಲ್ಲಿ ಉಳಿದ ಹಾಳೆಗಳಿದ್ದರೆ ನಿಮ್ಮ ಕೋಳಿಗಳ ಸರದಿಯನ್ನೂ ಒಂದು ತಿಂಗಳು ಬರೆದು ನೋಡಿ. ದಿನಕ್ಕೆ ಹತ್ತು ನಿಮಿಷ ಸಾಕು. ಯಾವುದು ಮೊದಲು ಕೂಗಿತು, ಯಾವುದು ಕೊನೆಗೆ ತಿಂದಿತು ಎಂದು ಬರೆಯುತ್ತಾ ಹೋದರೆ, ಯಾವ ಹುಂಜವನ್ನು ಉಳಿಸಬೇಕೆಂದು ಮನೆಯವರಿಗೆ ಹೇಳುವಷ್ಟು ತಿಳಿವಳಿಕೆ ನಿಮಗೇ ಬಂದಿರುತ್ತದೆ.