ಆಟಗಾರ ದ್ರಾವಿಡ್ ಕೋಚ್ ಆದ ಬಗೆ

ದೊಡ್ಡ ಆಟಗಾರರೆಲ್ಲ ಒಳ್ಳೆಯ ತರಬೇತುದಾರರಾಗುವುದಿಲ್ಲ ಎಂಬುದು ಕ್ರೀಡಾಲೋಕದ ಹಳೆಯ ಮಾತು. ತಾನು ಆಡುವುದು ಒಂದು ವಿದ್ಯೆ, ಇನ್ನೊಬ್ಬರನ್ನು ಆಡಿಸುವುದು ಬೇರೆಯೇ ವಿದ್ಯೆ. ಎರಡರಲ್ಲೂ ಪಳಗಿದ ಕನ್ನಡಿಗರಲ್ಲಿ ಮೊದಲು ನೆನಪಾಗುವ ಹೆಸರು ರಾಹುಲ್ ದ್ರಾವಿಡ್. 164 ಟೆಸ್ಟ್‌ಗಳಲ್ಲಿ 36 ಶತಕಗಳೊಂದಿಗೆ 13,288 ರನ್ ಗಳಿಸಿದ ಅವರು 2012ರ ಮಾರ್ಚ್ 9ರಂದು ಬೆಂಗಳೂರಿನಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಘೋಷಿಸಿದರು. ಭಾರತ ತಂಡದ ಮುಖ್ಯ ಕೋಚ್ ಆಗಿದ್ದು 2021ರ ನವೆಂಬರ್‌ನಲ್ಲಿ. ನಡುವಿನ ಒಂಬತ್ತೂವರೆ ವರ್ಷಗಳಲ್ಲೇ ಅವರ ತರಬೇತಿ ವಿಧಾನದ ಗುಟ್ಟು ಅಡಗಿದೆ.

ಹೋಲಿಕೆಗೆ ಸರ್ಬಿಯಾದ ಬ್ಯಾಸ್ಕೆಟ್‌ಬಾಲ್ ಕೋಚ್ ಜೆಲ್ಕೊ ಒಬ್ರಾಡೊವಿಚ್ ಅವರನ್ನು ನೋಡಬಹುದು. 1990ರಲ್ಲಿ ವಿಶ್ವ ಚಾಂಪಿಯನ್ ಆದ ಯುಗೊಸ್ಲಾವಿಯ ತಂಡದ ಸದಸ್ಯರಾಗಿದ್ದ ಅವರು 1991ರಲ್ಲಿ ಆಟ ನಿಲ್ಲಿಸಿ, ತಾವು ಆಡುತ್ತಿದ್ದ ಬೆಲ್‌ಗ್ರೇಡ್‌ನ ಪಾರ್ಟಿಜಾನ್ ಕ್ಲಬ್‌ಗೇ ಕೋಚ್ ಆದರು. ಮರುವರ್ಷವೇ ತಂಡ ಯುರೋಪ್ ಚಾಂಪಿಯನ್ ಪಟ್ಟಕ್ಕೇರಿತು. ಮುಂದೆ ಬೇರೆ ಬೇರೆ ಕ್ಲಬ್‌ಗಳನ್ನೂ ಗೆಲ್ಲಿಸಿದ ಅವರು ಒಟ್ಟು 9 ಬಾರಿ ಆ ಪ್ರಶಸ್ತಿ ಗಳಿಸಿದ್ದಾರೆ. ಆಡುವ ಅಂಗಳದಿಂದ ನೇರವಾಗಿ ಅತ್ಯುನ್ನತ ಹಂತಕ್ಕೆ ಏರಿದ ದಾರಿ ಅದು. ದ್ರಾವಿಡ್ ಆರಿಸಿಕೊಂಡದ್ದು ಕೆಳಗಿನ ಮೆಟ್ಟಿಲನ್ನು.

ಕಿರಿಯರಿಂದ ಆರಂಭ

ಐಪಿಎಲ್‌ನಲ್ಲಿ ರಾಜಸ್ಥಾನ ರಾಯಲ್ಸ್ ತಂಡದ ನಾಯಕ ಹಾಗೂ ಮಾರ್ಗದರ್ಶಕರಾಗಿ ದುಡಿದ ದ್ರಾವಿಡ್, 2015ರಲ್ಲಿ ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳ ಹೊಣೆ ಹೊತ್ತರು. ಪ್ರಚಾರ ಕಡಿಮೆ, ಪ್ರಯಾಣ ಹೆಚ್ಚು ಎನ್ನುವಂಥ ಕೆಲಸವಿದು. ಇಲ್ಲಿ ಅವರು ಎರಡು ವಿಚಾರಗಳಿಗೆ ಒತ್ತು ಕೊಟ್ಟರು.

ಮೊದಲನೆಯದು, ‘ಎ’ ತಂಡದೊಂದಿಗೆ ಪ್ರವಾಸ ಹೋದ ಪ್ರತಿಯೊಬ್ಬನಿಗೂ ಪಂದ್ಯ ಸಿಗಬೇಕು. ಇಡೀ ಪ್ರವಾಸ ಬೆಂಚಿನ ಮೇಲೆ ಕುಳಿತು ಬಂದವನ ಸಾಮರ್ಥ್ಯ ಆಯ್ಕೆಗಾರರಿಗೂ ತಿಳಿಯದು, ಅವನಿಗೂ ತಿಳಿಯದು. ಎರಡನೆಯದು, ಒಬ್ಬ ಆಟಗಾರ ಒಂದೇ ಕಿರಿಯರ ವಿಶ್ವಕಪ್ ಆಡಬೇಕು. 2016ರಲ್ಲಿ ಬಿಸಿಸಿಐ ಇದನ್ನು ನಿಯಮವನ್ನಾಗಿಸಿತು. ಅನುಭವಿಗಳನ್ನು ಉಳಿಸಿಕೊಂಡರೆ ಕಪ್ ಗೆಲ್ಲುವುದು ಸುಲಭ. ಆದರೆ ಆ ಹಂತ ಇರುವುದು ದಾಟಿ ಹೋಗುವುದಕ್ಕೆ. 2016ರ ಕಿರಿಯರ ವಿಶ್ವಕಪ್ ಆಡಿದ್ದ ವಾಷಿಂಗ್ಟನ್ ಸುಂದರ್ ವಯಸ್ಸಿನ ಪ್ರಕಾರ 2018ರಲ್ಲೂ ಆಡಬಹುದಿತ್ತು. ಅಷ್ಟರಲ್ಲಿ, 2017ರ ಡಿಸೆಂಬರ್‌ನಲ್ಲಿಯೇ, ಅವರು ಹಿರಿಯರ ತಂಡಕ್ಕೆ ಕಾಲಿಟ್ಟಿದ್ದರು.

2016ರ ಫೈನಲ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಸೋತ ಕಿರಿಯರು 2018ರಲ್ಲಿ ಆಸ್ಟ್ರೇಲಿಯಾವನ್ನು 8 ವಿಕೆಟ್‌ಗಳಿಂದ ಮಣಿಸಿ ಕಪ್ ಗೆದ್ದರು. ಬಿಸಿಸಿಐ ದ್ರಾವಿಡ್‌ಗೆ 50 ಲಕ್ಷ ರೂ., ಸಹಾಯಕ ಸಿಬ್ಬಂದಿಗೆ ತಲಾ 20 ಲಕ್ಷ ರೂ. ಘೋಷಿಸಿತು. ಈ ತಾರತಮ್ಯ ಬೇಡವೆಂದು ಅವರು ಕೇಳಿಕೊಂಡ ಮೇಲೆ ಎಲ್ಲರಿಗೂ ತಲಾ 25 ಲಕ್ಷ ರೂ. ನಿಗದಿಯಾಯಿತು.

ಬ್ರಿಸ್ಬೇನ್‌ನಲ್ಲಿ ಫಲ

2019ರಲ್ಲಿ ದ್ರಾವಿಡ್ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದರು. ಅವರ ಕೆಲಸದ ಫಲ ಜನರ ಕಣ್ಣಿಗೆ ಬಿದ್ದದ್ದು 2021ರ ಜನವರಿಯಲ್ಲಿ, ಬ್ರಿಸ್ಬೇನ್‌ನ ಗಬ್ಬಾ ಮೈದಾನದಲ್ಲಿ. ಕೊಹ್ಲಿ ತವರಿಗೆ ಮರಳಿದ್ದರು, ಬೂಮ್ರಾ, ಅಶ್ವಿನ್, ಜಡೇಜ ಗಾಯಾಳುಗಳಾಗಿದ್ದರು. ಆದರೂ ಭಾರತ 328 ರನ್ ಗುರಿ ಮುಟ್ಟಿ 3 ವಿಕೆಟ್‌ಗಳಿಂದ ಗೆದ್ದಿತು. 91 ರನ್ ಗಳಿಸಿದ ಶುಭಮನ್ ಗಿಲ್, ಅಜೇಯ 89 ರನ್ ಗಳಿಸಿದ ರಿಷಭ್ ಪಂತ್, ಮೊದಲ ಟೆಸ್ಟ್‌ನಲ್ಲೇ ಅರ್ಧಶತಕ ಬಾರಿಸಿದ ಸುಂದರ್, 5 ವಿಕೆಟ್ ಕಿತ್ತ ಮೊಹಮ್ಮದ್ ಸಿರಾಜ್, ನಾಲ್ವರೂ ಕಿರಿಯರ ತಂಡದಲ್ಲೋ ‘ಎ’ ತಂಡದಲ್ಲೋ ದ್ರಾವಿಡ್ ಗರಡಿಯಲ್ಲಿ ಪಳಗಿದವರು. ಶ್ರೇಯಸ್ಸು ಹುಡುಗರಿಗೇ ಸಲ್ಲಬೇಕು ಎಂದರು ದ್ರಾವಿಡ್.

ಸೋಲಿನ ನಂತರ ಗೆಲುವು

ಮುಖ್ಯ ಕೋಚ್ ಹುದ್ದೆ ಹೂವಿನ ಹಾಸಿಗೆಯಾಗಿರಲಿಲ್ಲ. 2022ರ ಟಿ20 ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ಎದುರು 10 ವಿಕೆಟ್‌ಗಳ ಸೋಲು. 2023ರಲ್ಲಿ ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಶರಣು. ಅದೇ ವರ್ಷ ಸತತ 10 ಪಂದ್ಯ ಗೆದ್ದು ಅಹಮದಾಬಾದ್‌ನ ಏಕದಿನ ವಿಶ್ವಕಪ್ ಫೈನಲ್‌ಗೆ ಬಂದಾಗಲೂ ಅದೇ ಎದುರಾಳಿ, ಅದೇ ಫಲಿತಾಂಶ.

ಕೊನೆಗೆ 2024ರ ಜೂನ್ 29ರಂದು ಬಾರ್ಬಡಾಸ್‌ನಲ್ಲಿ ದಕ್ಷಿಣ ಆಫ್ರಿಕವನ್ನು 7 ರನ್‌ಗಳಿಂದ ಸೋಲಿಸಿದ ಭಾರತ ಟಿ20 ವಿಶ್ವಕಪ್ ಎತ್ತಿತು. 2007ರ ಏಕದಿನ ವಿಶ್ವಕಪ್‌ನಲ್ಲಿ ದ್ರಾವಿಡ್ ನಾಯಕತ್ವದ ತಂಡ ಮೊದಲ ಹಂತದಲ್ಲೇ ಹೊರಬಿದ್ದದ್ದೂ ಕೆರಿಬಿಯನ್ ನೆಲದಲ್ಲೇ. ಈ ಬಾರಿಯ ಬಹುಮಾನದಲ್ಲೂ ಅವರು 5 ಕೋಟಿ ರೂ. ಬದಲು ಇತರ ಕೋಚ್‌ಗಳಷ್ಟೇ, ಅಂದರೆ 2.5 ಕೋಟಿ ರೂ. ಸಾಕೆಂದರೆಂದು ವರದಿಯಾಯಿತು.

ಕೋಚ್ ಎಷ್ಟೇ ದೊಡ್ಡವನಾದರೂ ಗೆಲುವು ಅವನ ಕೈಯಲ್ಲಿಲ್ಲ. 2025ರ ಐಪಿಎಲ್‌ನಲ್ಲಿ ದ್ರಾವಿಡ್ ತರಬೇತಿಯ ರಾಜಸ್ಥಾನ ರಾಯಲ್ಸ್ 14 ಪಂದ್ಯಗಳಲ್ಲಿ ನಾಲ್ಕನ್ನಷ್ಟೇ ಗೆದ್ದು ಒಂಬತ್ತನೇ ಸ್ಥಾನಕ್ಕೆ ಕುಸಿಯಿತು. ಆಗಸ್ಟ್‌ನಲ್ಲಿ ಅವರು ತಂಡ ತೊರೆದರು. ಆದರೆ ಅವಕಾಶ ಕೊಡುವುದು ಮಾತ್ರ ಕೋಚ್‌ನ ಕೈಯಲ್ಲೇ ಇದೆ.

ಈ ಮಾತು ಸಣ್ಣ ಊರುಗಳಿಗೆ ಹೆಚ್ಚು ಅನ್ವಯಿಸುತ್ತದೆ. ಭಾರತದ ಪರ 48 ಏಕದಿನ ಹಾಗೂ 76 ಟಿ20 ಪಂದ್ಯ ಆಡಿದ ಕಡೂರಿನ ವೇದಾ ಕೃಷ್ಣಮೂರ್ತಿ ಕ್ರಮಬದ್ಧ ತರಬೇತಿಗಾಗಿ ಬೆಂಗಳೂರಿಗೆ ಬರಬೇಕಾಯಿತು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯಲ್ಲಿ, ಎಮ್ಮೆದೊಡ್ಡಿಯಂಥ ಹಳ್ಳಿಗಳಲ್ಲಿ ಹಾಗೆ ಊರು ಬಿಟ್ಟು ಹೋಗಲಾರದ ಮಕ್ಕಳೇ ಹೆಚ್ಚು. ನಿವೃತ್ತ ಆಟಗಾರರು ದ್ರಾವಿಡ್‌ರಂತೆ ಕಿರಿಯರಿಂದಲೇ ಕೆಲಸ ಆರಂಭಿಸಿದರೆ ಅದರ ಮೊದಲ ಲಾಭ ಇಂಥ ಮಕ್ಕಳಿಗೆ ಸಿಗುತ್ತದೆ.