ನಮ್ಮ ಹುಳಕ್ಕೆ ಜ್ವರ, ಅವರ ಹುಳಕ್ಕೆ ನಿದ್ದೆ

ಟೋಕಿಯೊದ ನಿಶಿ-ಕಸಾಯ್ ಬಡಾವಣೆಯಲ್ಲಿ ಎಷ್ಟು ಮಂದಿ ಭಾರತೀಯರಿದ್ದಾರೆಂದರೆ, ತೊಗರಿಬೇಳೆಗೆ ಅಲ್ಲಿ ಪರದಾಡಬೇಕಿಲ್ಲ. ನನ್ನ ಮಗಳ ಸಂಸಾರ ಇರುವುದು ಅಲ್ಲೇ. ಎದುರುಮನೆಯ ಜಪಾನೀ ದಂಪತಿ ನಮ್ಮ ಓರಗೆಯವರು. ತಾತ ಮಳವಳ್ಳಿ, ಮದ್ದೂರು ಕಡೆ ಬ್ಯಾಂಕಿನಲ್ಲಿದ್ದರು, ರೇಷ್ಮೆ ಸಾಕುವವರಿಗೆ ಸಾಲದ ಕಾಗದ ಬರೆಯುತ್ತಿದ್ದರು ಎಂದು ಮೊಮ್ಮಗಳು ಹೇಳಿದ್ದೇ ತಡ, ಆ ಯಜಮಾನರು, “ಹಾಗಾದರೆ ಯೊಕೊಹಾಮಾ ನೋಡಲೇಬೇಕು” ಅಂದುಬಿಟ್ಟರು. ಭಾನುವಾರವೇ ಐದು ಜನ ಹೊರಟೆವು. ಎಂಟನೇ ತರಗತಿಯ ಮೊಮ್ಮಗಳೇ ನಮಗೆ ದುಭಾಷಿ.

ಟೋಕಿಯೊ ನಿಲ್ದಾಣದಿಂದ ಅರ್ಧ ಗಂಟೆಯ ದಾರಿ. ಜಪಾನಿನ ಮೊದಲ ರೈಲು ಮಾರ್ಗ ಶುರುವಾದದ್ದೂ ಟೋಕಿಯೊ-ಯೊಕೊಹಾಮಾ ನಡುವೆಯೇ, 1872ರಲ್ಲಿ. ಇಷ್ಟು ಹತ್ತಿರವಾದರೆ ರೈಲಿನಲ್ಲಿ ಯಾರು ಬುತ್ತಿ ಕೊಳ್ಳುತ್ತಾರೆ? ಆ ಚಿಂತೆಯಲ್ಲೇ ನಿಲ್ದಾಣದ ಅಂಗಡಿಯೊಂದು 1928ರಲ್ಲಿ, ಆರಿದರೂ ರುಚಿ ಕೆಡದ ಶುಮಾಯ್ ಎಂಬ ಪುಟ್ಟ ಕಡುಬು ಮಾಡಿ ಮಾರಿತಂತೆ. ಈಗ ಅದೇ ಊರಿನ ಗುರುತು. ಮದ್ದೂರು ರೈಲು ನಿಲ್ದಾಣದಲ್ಲಿ 1917ರಲ್ಲಿ ರಾಮಚಂದ್ರ ಬುಧ್ಯ ಅವರು ವಡೆ ಮಾರಲು ಶುರು ಮಾಡಿದ ಕಥೆ ನಾನೂ ಹೇಳಿದೆ. ಶುಮಾಯ್ ಒಳಗೆ ಹಂದಿ ಮಾಂಸ. ಹಾಗಾಗಿ ನನ್ನ ಪಾಲಿಗೆ ಬರೀ ಕಥೆ.

ಯೊಕೊಹಾಮಾ ಮೊದಲು ಸಣ್ಣ ಮೀನುಗಾರರ ಹಳ್ಳಿ. 1859ರಲ್ಲಿ ವಿದೇಶಿ ವ್ಯಾಪಾರಕ್ಕೆ ಬಂದರು ತೆರೆದ ಮೇಲೆ ಊರು ಬೆಳೆಯಿತು. ಅದನ್ನು ಬೆಳೆಸಿದ್ದು ಮುಖ್ಯವಾಗಿ ಕಚ್ಚಾ ರೇಷ್ಮೆ. ಬಂದರಿನ ನೂರನೇ ವರ್ಷಕ್ಕೆ, 1959ರಲ್ಲಿ, ಇಲ್ಲಿ ರೇಷ್ಮೆ ವಸ್ತುಸಂಗ್ರಹಾಲಯ ತೆರೆದರು. ನಮ್ಮ ದಿನದ ಅರ್ಧ ಭಾಗ ಅಲ್ಲೇ ಕಳೆಯಿತು.

ಒಳಗೆ ತಟ್ಟೆಯಲ್ಲಿ ಜೀವಂತ ಹುಳಗಳು. ಕೆಲವು ತಲೆ ಎತ್ತಿ ಅಲ್ಲಾಡದೆ ಕೂತಿದ್ದವು. “ಜ್ವರಕ್ಕೆ ಕೂತಿವೆ” ಅಂದೆ. ಮೊಮ್ಮಗಳು ಅದನ್ನು ಜಪಾನಿಯಲ್ಲಿ ಹೇಳಿದಾಗ ಯಜಮಾನರು ಗಾಬರಿಯಾಗಿ, “ಕಾಯಿಲೆಯೇ?” ಅಂತ ಕೇಳಿದರು. ಕಾಯಿಲೆಯಲ್ಲ. ರೇಷ್ಮೆ ಹುಳ ಗೂಡು ಕಟ್ಟುವ ಮುನ್ನ ನಾಲ್ಕು ಸಲ ಚರ್ಮ ಕಳಚುತ್ತದೆ. ಪ್ರತಿ ಸಲವೂ ಸೊಪ್ಪು ಬಿಟ್ಟು ಸುಮ್ಮನೆ ಇರುತ್ತದೆ. ಅನ್ನ ಬಿಟ್ಟವನನ್ನು ಕಂಡರೆ ನಮ್ಮವರು ಏನೆನ್ನುತ್ತಾರೋ ಹುಳಕ್ಕೂ ಅದನ್ನೇ ಅಂದರು: ಒಂದನೇ ಜ್ವರ, ಎರಡನೇ ಜ್ವರ. ಜಪಾನಿನಲ್ಲಿ ಅದನ್ನು ನಿದ್ದೆ ಅನ್ನುತ್ತಾರಂತೆ: ಮೊದಲ ನಿದ್ದೆ, ಎರಡನೇ ನಿದ್ದೆ. ಹಳ್ಳಿಯವರು ಹುಳವನ್ನು ಬಹುವಚನದಲ್ಲಿ, ದೊಡ್ಡವರನ್ನು ಕರೆದ ಹಾಗೆ ‘ಒ-ಕಾಯ್ಕೊ-ಸಾಮಾ’ ಎಂದು ಕರೆಯುತ್ತಿದ್ದರಂತೆ. ಅವರ ಅಜ್ಜಿ ಗುನ್ಮಾ ಪ್ರಾಂತ್ಯದ ಮನೆಯ ಅಟ್ಟದಲ್ಲಿ ಹುಳ ಸಾಕುತ್ತಿದ್ದರು. ಎಲೆ ತಿನ್ನುವ ಸದ್ದು ರಾತ್ರಿಯೆಲ್ಲ ಮಳೆ ಬಂದಂತೆ ಕೇಳಿಸುತ್ತಿತ್ತು ಎಂದರು. ಇದನ್ನು ಹೇಳುವಾಗ ಅವರ ದನಿ ಸಣ್ಣದಾಯಿತು.

ಮೂಲೆಯಲ್ಲಿ ಪರಿಚಯದ ವಸ್ತುವೊಂದಿತ್ತು: ತಿರುಗುವ ಚಂದ್ರಿಕೆ. ನಮ್ಮ ಹಳೆಯ ಬಿದಿರಿನ ಚಂದ್ರಿಕೆಯಲ್ಲಿ ಹುಳಗಳು ಒಂದರ ಮೇಲೊಂದು ಬಿದ್ದು ಜೋಡಿ ಗೂಡು, ಕಲೆ ಗೂಡು ಆಗುವುದುಂಟು. ಇದರಲ್ಲಿ ರಟ್ಟಿನ ಪುಟ್ಟ ಪುಟ್ಟ ಕೋಣೆಗಳು. ಹಣ್ಣಾದ ಹುಳ ಮೇಲಕ್ಕೇ ಹತ್ತುತ್ತದೆ. ಮೇಲ್ಭಾಗ ತುಂಬಿ ಭಾರವಾದಾಗ ಚೌಕಟ್ಟು ತಾನೇ ಮಗುಚಿಕೊಂಡು ಖಾಲಿ ಕೋಣೆಗಳು ಮೇಲೆ ಬರುತ್ತವೆ. ಕರೆಂಟು ಬೇಡ, ಆಳು ಬೇಡ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ 1991ರಿಂದ ಜಪಾನಿನ ನೆರವಿನಲ್ಲಿ ನಡೆಸಿದ ಯೋಜನೆಯಿಂದ ದ್ವಿತಳಿ ಹುಳ, ಬಿಳಿ ಗೂಡು ನಮ್ಮ ರೈತರಲ್ಲಿ ಬೇರೂರಿತು. ಒಂದು ಒಳ್ಳೆಯ ದ್ವಿತಳಿ ಗೂಡಿನ ಎಳೆ ಬಿಡಿಸಿದರೆ ಸಾವಿರ ಮೀಟರ್ ದಾಟುತ್ತದೆ.

ಕಲಿಸಿದವರ ಮನೆ ಈಗ ಖಾಲಿ. 1930ರ ಸುಮಾರಿಗೆ ಜಪಾನಿನಲ್ಲಿ 22 ಲಕ್ಷ ಕುಟುಂಬಗಳು ಹುಳ ಸಾಕುತ್ತಿದ್ದವು. ಆ ರೇಷ್ಮೆಯಲ್ಲಿ ಹೆಚ್ಚಿನದು ಅಮೆರಿಕಕ್ಕೆ ಹೋಗಿ ಹೆಂಗಸರ ಕಾಲುಚೀಲವಾಗುತ್ತಿತ್ತು. ಅಲ್ಲಿನ ಮಾರುಕಟ್ಟೆ ಕುಸಿಯಿತು, ನೈಲಾನ್ ಬಂತು, ಯುದ್ಧ ಬಂತು. ಈಗ ಇಡೀ ದೇಶದಲ್ಲಿ ಹುಳ ಸಾಕುವ ಮನೆಗಳು ಇನ್ನೂರೂ ಇಲ್ಲ. “ನಿಮ್ಮ ಊರಿನ ಹುಡುಗರು ಇನ್ನೂ ಸಾಕುತ್ತಾರಾ?” ಎಂದು ಯಜಮಾನರು ಕೇಳಿದರು. ಸಾಕುವವರಿದ್ದಾರೆ, ಗೂಡು ಹೊತ್ತು ರಾಮನಗರದ ಮಾರುಕಟ್ಟೆಗೆ ಹೋಗುತ್ತಾರೆ. ಆದರೆ ಹಿಪ್ಪುನೇರಳೆ ತೋಟ ಅಪ್ಪನಿಗೆ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವವರೇ ಹೆಚ್ಚು ಎಂದೆ. ಅವರು ತಲೆಯಾಡಿಸಿದರು. ಅವರೂ ಹಾಗೆಯೇ ಟೋಕಿಯೊ ಸೇರಿದವರು.

ಮಧ್ಯಾಹ್ನ ದಡದ ಯಮಾಶಿತಾ ಉದ್ಯಾನಕ್ಕೆ ನಡೆದೆವು. 1893ರ ಜುಲೈನಲ್ಲಿ ಸ್ವಾಮಿ ವಿವೇಕಾನಂದರು ಅಮೆರಿಕದ ಕಡೆಗೆ ಹಡಗು ಹತ್ತಿದ್ದು ಈ ಊರಿನಿಂದಲೇ. ಹೊರಡುವ ಮುನ್ನ, 10ನೇ ತಾರೀಖು, ಇಲ್ಲಿಂದ ಮದರಾಸಿನ ಗೆಳೆಯರಿಗೆ ಬರೆದ ಕಾಗದದಲ್ಲಿ ಮೊದಲ ಹೆಸರು ಅಳಸಿಂಗ. ಇವರೇ ಮಂಡಯಂ ಚಕ್ರವರ್ತಿ ಅಳಸಿಂಗ ಪೆರುಮಾಳ್. ಚಿಕ್ಕಮಗಳೂರಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಮೇಷ್ಟರಾಗಿ, ಸ್ವಾಮೀಜಿಯ ಪ್ರಯಾಣಕ್ಕೆಂದು ಮನೆಮನೆ ತಿರುಗಿ ಹಣ ಕೂಡಿಸಿದವರು. ಮಂಡಯಂ ಅಂದರೆ ನಮ್ಮ ಮಂಡ್ಯವೇ. ಅದೇ ಹಡಗಿನಲ್ಲಿ ಜಮ್‌ಷೆಡ್‌ಜಿ ಟಾಟಾ ಇದ್ದರು. ಅವರು ಆಮೇಲೆ ಜಪಾನೀ ಪರಿಣತರನ್ನು ಕರೆಸಿ ಬೆಂಗಳೂರಿನಲ್ಲಿ ರೇಷ್ಮೆ ತೋಟ ಮಾಡಿಸಿದರು. ಬಸವನಗುಡಿಯ ಆ ಜಾಗಕ್ಕೆ ಇವತ್ತಿಗೂ ಟಾಟಾ ಸಿಲ್ಕ್ ಫಾರ್ಮ್ ಅಂತಲೇ ಹೆಸರು.

ಉದ್ಯಾನದ ಒಂದು ಬದಿಗೆ ಗುಮ್ಮಟದ ಪುಟ್ಟ ಮಂಟಪವಿದೆ. ನೋಡಿದರೆ ನಮ್ಮ ಕಡೆಯದೇ ಅನ್ನಬೇಕು. 1923ರ ಸೆಪ್ಟೆಂಬರ್ 1ರಂದು, ಮಧ್ಯಾಹ್ನಕ್ಕೆ ಎರಡು ನಿಮಿಷ ಇರುವಾಗ ಭೂಮಿ ನಡುಗಿತು. ಟೋಕಿಯೊ, ಯೊಕೊಹಾಮಾ ಉರಿದು ಲಕ್ಷಕ್ಕೂ ಹೆಚ್ಚು ಜನ ಸತ್ತರು. ರೇಷ್ಮೆ ವ್ಯಾಪಾರಕ್ಕೆ ಬಂದಿದ್ದ ಭಾರತೀಯರಲ್ಲೂ ಹಲವರು ತೀರಿಕೊಂಡರು, ಉಳಿದವರು ಕೋಬೆಗೆ ಹೋದರು. ತಾವೇ ಮನೆ ಕಳೆದುಕೊಂಡಿದ್ದ ಊರಿನವರು ಅವರಿಗೆ ಆಸರೆ ಕೊಟ್ಟು ಹಿಂದಕ್ಕೆ ಕರೆಸಿಕೊಂಡರು. ಆ ಋಣಕ್ಕೆ, ಸತ್ತವರ ನೆನಪಿಗೆ, 1939ರಲ್ಲಿ ಭಾರತೀಯ ವರ್ತಕರು ಕಟ್ಟಿಸಿಕೊಟ್ಟ ನೀರಿನ ಮಂಟಪ ಇದು. ನಾವು ನಿಂತ ಉದ್ಯಾನದ ನೆಲವೂ ಆ ಭೂಕಂಪದ ಅವಶೇಷಗಳನ್ನು ಸಮುದ್ರಕ್ಕೆ ತುಂಬಿ ಮಾಡಿದ್ದು. ಎಷ್ಟೋ ಸಲ ಇಲ್ಲಿ ಓಡಾಡಿದ್ದ ಯಜಮಾನರಿಗೆ ಮಂಟಪದ ಕಥೆ ಗೊತ್ತಿರಲಿಲ್ಲ. ಫಲಕ ಓದಿ, ಟೋಪಿ ತೆಗೆದು, ಬಾಗಿ ನಿಂತರು.

ವಾಪಸು ಬರುವಾಗ ರೈಲಿನಲ್ಲಿ ಅವರದು ಒಂದೇ ಮಾತು: ಮುಂದಿನ ವರ್ಷ ಮಳವಳ್ಳಿಗೆ ಬರಬೇಕು, ಆ ಮಳೆಯ ಸದ್ದು ಇನ್ನೊಮ್ಮೆ ಕೇಳಬೇಕು. ಊರಿಗೆ ಬಂದವನೇ ಪರಿಚಯದ ರೈತನಿಗೆ ಫೋನ್ ಮಾಡಿದೆ. “ನಾಲ್ಕನೇ ಜ್ವರ ಎದ್ದ ಮೇಲೆ ಕರಕೊಂಡು ಬನ್ನಿ ಸಾರ್, ರಾತ್ರಿ ಹೊತ್ತು. ಆಗ ತಿನ್ನೋ ಸದ್ದು ಬೀದಿಗೆ ಕೇಳ್ತದೆ” ಅಂದಿದ್ದಾನೆ.